ಚಕ್ರದೊಳಗಿನ ಗುಂಯ್ ಸದ್ದು: ಕಾರಿನ ವೀಲ್ ಬೇರಿಂಗ್ ಕೆಟ್ಟಿದೆಯೇ ಎಂದು ಮನೆಯಲ್ಲೇ ಕಂಡುಹಿಡಿಯುವ ಬಗೆ

ಕಳೆದ ಆಟಿ ತಿಂಗಳ ಮಳೆಗಾಲದಲ್ಲಿ ಕಾಸರಗೋಡಿನ ಬದಿಯಡ್ಕದಿಂದ ಮನೆಗೆ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿದ್ದ ಅಕ್ಕ ಕೇಳಿದಳು, "ಎಂತ ಇದು, ಈ ಕತ್ತಲೆಗೆ ಯಾರ ತೋಟದಲ್ಲಿ ಮದ್ದು ಬಿಡುವುದು?" ಕಿಟಕಿ ಇಳಿಸಿ ಕಿವಿಗೊಟ್ಟೆ. ದೂರದಲ್ಲಿ ಸ್ಪ್ರೇಯರ್ ಪಂಪ್ ಓಡಿದ ಹಾಗೆಯೇ ಇತ್ತು. ಆದರೆ ನಾವು ಎಷ್ಟು ಮುಂದೆ ಹೋದರೂ ಪಂಪು ನಮ್ಮ ಜೊತೆಗೇ ಬರುತ್ತಿತ್ತು!

ಟಯರ್ ಸವೆದಿರಬೇಕು ಅಂದುಕೊಂಡು ಎದುರಿನ ಎರಡೂ ಟಯರ್ ಬದಲಿಸಿದೆ. ಸದ್ದು ಹೋಗಲಿಲ್ಲ, ದುಡ್ಡು ಹೋಯಿತು. ಕೊನೆಗೆ ಊರಿನ ಗ್ಯಾರೇಜಿನ ಇಚ್ಚ ಕಾರಿಗೆ ಜ್ಯಾಕ್ ಕೊಟ್ಟು, ಎಡಗೈಯನ್ನು ಸ್ಪ್ರಿಂಗಿನ ಮೇಲಿಟ್ಟು, ಬಲಗೈಯಲ್ಲಿ ಚಕ್ರವನ್ನು ಎರಡು ಸುತ್ತು ತಿರುಗಿಸಿದರು. "ಟಯರ್ ಅಲ್ಲ ಮಾಷ್ಟ್ರೇ, ಬೇರಿಂಗ್." ಅಷ್ಟು ಹೇಳಲು ಅವರಿಗೆ ಒಂದು ಸ್ಪ್ಯಾನರ್ ಕೂಡ ಬೇಕಾಗಲಿಲ್ಲ.

ವೀಲ್ ಬೇರಿಂಗ್ ಎಂದರೆ ಚಕ್ರ ಸಲೀಸಾಗಿ ತಿರುಗಲೆಂದು ಅದರ ನಡುವೆ ಕೂರಿಸಿದ, ಒಳಗೆ ಉಕ್ಕಿನ ಗುಂಡುಗಳಿರುವ ಉಂಗುರ. ಅದನ್ನು ಬದಲಿಸುವುದು ಕಷ್ಟದ ಕೆಲಸ. ಕೆಟ್ಟಿದೆಯೇ ಇಲ್ಲವೇ ಎಂದು ತಿಳಿಯುವುದು ಅಷ್ಟು ಕಷ್ಟವಲ್ಲ, ಅದಕ್ಕೆ ಕಿವಿ, ಕೈ ಮತ್ತು ಸ್ವಲ್ಪ ತಾಳ್ಮೆ ಸಾಕು. ಹಾಗಾಗಿ ಈ ಬರಹದಲ್ಲಿ ಹುಡುಕುವ ಮಾತೇ ಜಾಸ್ತಿ, ಬಿಚ್ಚುವ ಮಾತು ಕಡಿಮೆ.

ನಮ್ಮ ಕಡೆ ಬೇರಿಂಗ್ ಬೇಗ ಹೋಗುವುದಕ್ಕೆ ಕಾರಣ ದೂರ ಹುಡುಕಬೇಕಿಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಬೀಳುವ ಮಳೆ 3,500 ಮಿಲಿಮೀಟರ್ ಆಸುಪಾಸು. ಜೊತೆಗೆ ಕೆಂಪು ಮಣ್ಣಿನ ಕೆಸರು, ತೋಟಕ್ಕೆ ಇಳಿಯುವ ಕಚ್ಚಾ ದಾರಿ, ಮಳೆಗಾಲದಲ್ಲಿ ನೀರು ಹರಿಯುವ ತಗ್ಗು ಮೋರಿಗಳು. ಈಗಿನ ಹೆಚ್ಚಿನ ಕಾರುಗಳ ಬೇರಿಂಗಿನೊಳಗೆ ಕಾರ್ಖಾನೆಯಲ್ಲೇ ಗ್ರೀಸು ತುಂಬಿ ಎರಡೂ ಬದಿ ಸೀಲ್ ಹಾಕಿರುತ್ತಾರೆ. ಆ ಸೀಲು ಮಳೆನೀರಿನ ಎರಚಲನ್ನು ತಡೆಯುತ್ತದೆ. ಹಬ್, ಅಂದರೆ ಚಕ್ರವನ್ನು ಬಿಗಿಯುವ ನಡುಭಾಗ, ಮುಳುಗುವಷ್ಟು ನೀರಿಗೆ ಇಳಿಸಿದರೆ ಕಥೆ ಬೇರೆ. ಓಡಿ ಬಿಸಿಯಾದ ಹಬ್ ತಣ್ಣೀರಿನಲ್ಲಿ ಥಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಸದ್ದು ಮಾತ್ರ ಅದೇ ದಿನ ಬರುವುದಿಲ್ಲ. ವಾರಗಳು ಕಳೆದು, ಒಳಗೆ ತುಕ್ಕು ಹಿಡಿದ ಮೇಲೆ ಬರುತ್ತದೆ. ಅಷ್ಟು ಹೊತ್ತಿಗೆ ನೀರಿಗೆ ಇಳಿಸಿದ್ದು ನಮಗೆ ಮರೆತೇ ಹೋಗಿರುತ್ತದೆ, ಅಲ್ವಾ?

ವೇಗ ಏರಿದ ಹಾಗೆ ಏರುವ ಗುಂಯ್ ಸದ್ದು

ಇದು ಮೊದಲ ಮತ್ತು ಮುಖ್ಯ ಲಕ್ಷಣ. ಸಾಮಾನ್ಯವಾಗಿ 40 ಕಿಲೋಮೀಟರ್ ವೇಗ ದಾಟಿದ ಮೇಲೆ ಕೇಳಲು ಶುರುವಾಗುತ್ತದೆ. ವೇಗ ಹೆಚ್ಚಾದರೆ ಸದ್ದೂ ಹೆಚ್ಚು, ವೇಗ ಇಳಿದರೆ ಅದೂ ಇಳಿಯುತ್ತದೆ. ಹಳೆಯದಾದ ಹಾಗೆ ಗುಂಯ್ ಹೋಗಿ ಗರಗರ ಆಗುತ್ತದೆ.

ಮೊದಲು ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಪಟ್ಟಿಯಿಂದ ತೆಗೆಯಿರಿ. ಖಾಲಿ ರಸ್ತೆಯಲ್ಲಿ 50ರ ವೇಗದಲ್ಲಿ ನಾಲ್ಕನೇ ಗೇರಿನಲ್ಲಿ ಹೋಗಿ, ಅದೇ ವೇಗದಲ್ಲಿ ಮೂರನೇ ಗೇರಿಗೆ ಹಾಕಿ. ಎಂಜಿನ್ ಸದ್ದು ಬದಲಾಗುತ್ತದೆ, ಬೇರಿಂಗಿನ ಸದ್ದು ಬದಲಾಗುವುದಿಲ್ಲ. ಒಂದು ಕ್ಷಣ ಕ್ಲಚ್ ಒತ್ತಿ ಹಿಡಿದರೂ ಅದು ಹಾಗೇ ಇದ್ದರೆ ತೊಂದರೆ ಚಕ್ರದ ಕಡೆಗಿದೆ. ಈ ಪರೀಕ್ಷೆಗಾಗಿ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಕಾರು ಬಿಡಬೇಡಿ. ಬ್ರೇಕೂ ಸ್ಟೀರಿಂಗೂ ಎರಡೂ ಗಟ್ಟಿಯಾಗಿಬಿಡುತ್ತವೆ.

ಈಗ ಟಯರ್ ಸರದಿ. ನಾನು ಮುಗ್ಗರಿಸಿದ್ದು ಇಲ್ಲೇ. ಅಂಚು ಏರುಪೇರಾಗಿ ಸವೆದ ಟಯರ್ ಕೂಡ ಥೇಟ್ ಬೇರಿಂಗಿನ ಹಾಗೇ ಗುಂಯ್‌ಗುಡುತ್ತದೆ. ಬೇರ್ಪಡಿಸಲು ಮೂರು ದಾರಿಗಳಿವೆ, ಮೂರಕ್ಕೂ ಖರ್ಚಿಲ್ಲ.

ಒಂದು, ಕಾರು ನಿಲ್ಲಿಸಿ ಟಯರ್ ಮೇಲೆ ಅಂಗೈ ಸವರಿ, ಮೊದಲು ಮುಂದಕ್ಕೆ, ಆಮೇಲೆ ಹಿಂದಕ್ಕೆ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಕೈಗೆ ತಾಗಿದರೆ ಟಯರ್ ಮೇಲೆ ಅನುಮಾನ ಪಡಬಹುದು. ಎರಡು, ರಸ್ತೆ ಬದಲಾದಾಗ ಸದ್ದು ಬದಲಾಗುತ್ತದೆಯೇ ನೋಡಿ. ತಲಪಾಡಿಯಿಂದ ಈಚೆಗಿನ ಹೊಸ ಆರು ಪಥದ ಹೆದ್ದಾರಿಯ ನುಣುಪು ಡಾಂಬರಿನಲ್ಲಿ ಹೋಗಿ, ಹಾಗೇ ಜಲ್ಲಿ ಎದ್ದ ಒಳರಸ್ತೆಗೆ ತಿರುಗಿ. ಟಯರ್ ಸದ್ದು ರಸ್ತೆಗೆ ತಕ್ಕಂತೆ ರಾಗ ಬದಲಿಸುತ್ತದೆ. ಬೇರಿಂಗಿಗೆ ರಸ್ತೆಯ ಗೊಡವೆಯಿಲ್ಲ. ಮೂರು, ಎದುರಿನ ಟಯರನ್ನು ಹಿಂದಕ್ಕೆ, ಹಿಂದಿನದನ್ನು ಎದುರಿಗೆ ಹಾಕಿ ಒಂದು ಸುತ್ತು ಹೋಗಿಬನ್ನಿ. ಸದ್ದು ಜಾಗ ಬದಲಿಸಿದರೆ ಟಯರ್, ಇದ್ದಲ್ಲೇ ಇದ್ದರೆ ಬೇರಿಂಗ್. ಇದನ್ನು ಮೊದಲೇ ಮಾಡಿದ್ದರೆ ನನ್ನ ಎರಡು ಟಯರಿನ ದುಡ್ಡು ಉಳಿಯುತ್ತಿತ್ತು. ಗಾಳಿಯ ಒತ್ತಡ ನೋಡುವುದನ್ನೂ ಬಿಡಬೇಡಿ.

ತಿರುವಿನಲ್ಲಿ ಸದ್ದು ಏರುವುದು, ಇಳಿಯುವುದು

ಯಾವ ಬದಿಯ ಬೇರಿಂಗ್ ಎಂದು ತಿಳಿಯಲು ಇದು ಒಳ್ಳೆಯ ಸುಳಿವು. ಕಾರು ಬಲಕ್ಕೆ ತಿರುಗಿದಾಗ ಅದರ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಬಲ ತಿರುವಿನಲ್ಲಿ ಸದ್ದು ಜಾಸ್ತಿಯಾಗಿ ಎಡ ತಿರುವಿನಲ್ಲಿ ಕಡಿಮೆಯಾದರೆ ಎಡ ಬೇರಿಂಗಿನ ಮೇಲೆ ಅನುಮಾನ. ತಿರುಗುಮುರುಗಾದರೆ ಬಲದ್ದು. ಮುಳ್ಳೇರಿಯ ಕಡೆಗೆ ಹೋಗುವ ದಾರಿಯಲ್ಲಿ ಈ ಪರೀಕ್ಷೆಗೆ ಬೇರೆ ಜಾಗ ಹುಡುಕಬೇಕಿಲ್ಲ, ಒಂದಾದ ಮೇಲೊಂದು ತಿರುವು ತಾನಾಗಿ ಬರುತ್ತದೆ. ಆದರೆ ಬಸ್ಸು ಬರುವ ಹೊತ್ತು ಬೇಡ. ಬೆಳಗ್ಗೆ ಬೇಗ ಹೋಗಿ. ಸ್ಟೀರಿಂಗನ್ನು ಎಡಬಲ ಎಳೆದಾಡಬೇಡಿ, ರಸ್ತೆ ತಿರುಗಿದಷ್ಟೇ ತಿರುಗಿಸಿ.

ಈ ಸುಳಿವು ನೂರಕ್ಕೆ ನೂರು ಸರಿ ಎನ್ನಲಾಗದು. ಬೇರಿಂಗಿನಲ್ಲಿ ಗುಂಡುಗಳ ಎರಡು ಸಾಲು ಇರುತ್ತದೆ, ಯಾವ ಸಾಲು ಹಾಳಾಗಿದೆ ಎನ್ನುವುದರ ಮೇಲೆ ಕೆಲವೊಮ್ಮೆ ಉಲ್ಟಾ ಕೂಡ ಕೇಳಬಹುದು. ಎದುರಿನದೋ ಹಿಂದಿನದೋ ಎಂದು ಡ್ರೈವರ್ ಸೀಟಿನಲ್ಲಿ ಕೂತು ಹೇಳುವುದು ಇನ್ನೂ ಕಷ್ಟ. ಸದ್ದು ಬಾಡಿಯೊಳಗೆಲ್ಲ ಹರಿದಾಡುತ್ತದೆ. ಇನ್ನೊಬ್ಬರನ್ನು ಓಡಿಸಲು ಬಿಟ್ಟು ನೀವು ಹಿಂದಿನ ಸೀಟಿನ ಎರಡೂ ಬದಿಯಲ್ಲಿ ಕೂತು ಕೇಳಿ.

ಟಕ್ ಟಕ್, ಕಿರ್ರ್, ಕರಕರ

ಇವು ಹೆಚ್ಚಾಗಿ ಬೇರಿಂಗಿನವಲ್ಲ, ಬೇಗ ನೋಡಿ ಮುಗಿಸೋಣ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಅಂಗಳದಿಂದ ಹೊರಡುವಾಗ ಟಕ್ ಟಕ್ ಎಂದರೆ ಸಿವಿ ಜಾಯಿಂಟ್, ಅಂದರೆ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಆಕ್ಸಲ್ಲಿನ ಕೀಲು. ಚಕ್ರದ ಹಿಂದಿನ ರಬ್ಬರ್ ಬೂಟು ಹರಿದು ಸುತ್ತಲೂ ಗ್ರೀಸು ಎರಚಿದೆಯೇ ನೋಡಿ. ಬ್ರೇಕ್ ಒತ್ತಿದಾಗ ಕಿರ್ರ್ ಎಂದು ಶುರುವಾದರೆ ಅಥವಾ ನಿಂತರೆ ಬ್ರೇಕ್ ಪ್ಯಾಡ್ ನೋಡಿಸಿ.

ಕರಕರ ಎಂದು ತಗಡು ಉಜ್ಜಿದ ಸದ್ದು ಇದ್ದಕ್ಕಿದ್ದಂತೆ, ಅದೂ ಕಚ್ಚಾ ರಸ್ತೆಯಲ್ಲಿ ಹೋಗಿಬಂದ ಮೇಲೆ ಬಂದರೆ ಗಾಬರಿ ಬೇಡ. ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತೆಳು ತಗಡಿಗೂ ನಡುವೆ ಜಲ್ಲಿಕಲ್ಲೊಂದು ಸಿಕ್ಕಿಕೊಂಡಿರುತ್ತದೆ. ನಿಧಾನವಾಗಿ ನಾಲ್ಕಾರು ಮೀಟರ್ ರಿವರ್ಸ್ ಹೋದರೆ ಕೆಲವೊಮ್ಮೆ ತಾನೇ ಉದುರುತ್ತದೆ. ಇಲ್ಲದಿದ್ದರೆ ಚಕ್ರ ಬಿಚ್ಚಿ, ತಿರುಪುಳಿಯಿಂದ ತಗಡನ್ನು ಸ್ವಲ್ಪ ಹಿಂದಕ್ಕೆ ಬಗ್ಗಿಸಿದರೆ ಸಾಕು. ಅಷ್ಟಕ್ಕೇ ಬೇರಿಂಗ್ ಹಾಕಿಸಿಕೊಂಡು ಬಂದವರು ನಮ್ಮೂರಲ್ಲಿ ಇದ್ದಾರೆ.

ಒಂದು ಚಕ್ರ ಮಾತ್ರ ಬಿಸಿ

ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಕೊನೆಗೆ ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ. ಅಂಗೈಯ ಹಿಂಭಾಗವನ್ನು ಒಂದೊಂದೇ ಚಕ್ರದ ನಡುಭಾಗದ ಹತ್ತಿರ ತನ್ನಿ. ಮುಟ್ಟಬೇಡಿ. ಡಿಸ್ಕ್ ಮುಟ್ಟಿದರೆ ಚರ್ಮ ಅಲ್ಲೇ ಅಂಟಿಕೊಂಡೀತು. ಎದುರಿನ ಎಡವನ್ನು ಎದುರಿನ ಬಲದ ಜೊತೆ, ಹಿಂದಿನದನ್ನು ಹಿಂದಿನದರ ಜೊತೆ ಹೋಲಿಸಿ. ಎದುರಿನ ಬ್ರೇಕಿಗೆ ಕೆಲಸ ಜಾಸ್ತಿ, ಹಾಗಾಗಿ ಎದುರಿನ ಚಕ್ರಗಳು ಹಿಂದಿನವಕ್ಕಿಂತ ಬಿಸಿಯಾಗಿರುವುದು ಸಹಜ.

ಒಂದೇ ಚಕ್ರ ಸ್ಪಷ್ಟವಾಗಿ ಬಿಸಿಯಾಗಿದ್ದು ಗುಂಯ್ ಸದ್ದೂ ಇದ್ದರೆ ಬೇರಿಂಗ್ ಇರಬಹುದು. ಸದ್ದಿಲ್ಲದೆ ಬರೀ ಬಿಸಿಯಾದರೆ ಬ್ರೇಕ್ ಹಿಡಿದುಕೊಂಡಿರುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನಿಗೆ ತುಕ್ಕು ಬರುವುದು, ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕು ದಿನ ನಿಲ್ಲಿಸಿದ ಕಾರಿನ ಹಿಂದಿನ ಚಕ್ರ ಕಚ್ಚಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಇಂಥ ಚಕ್ರವನ್ನು ಮೇಲೆತ್ತಿದರೆ ಕೈಯಲ್ಲಿ ತಿರುಗಿಸಲು ಗಟ್ಟಿಯಾಗಿರುತ್ತದೆ.

ಸ್ಟೀರಿಂಗ್ ಸಡಿಲ, ಪೆಡಲ್ ಆಳ, ಎಬಿಎಸ್ ದೀಪ

ಬೇರಿಂಗ್ ತುಂಬಾ ಸವೆದ ಮೇಲೆ ಕಾಣುವ ಲಕ್ಷಣಗಳಿವು. ನೇರ ರಸ್ತೆಯಲ್ಲೂ ಕಾರು ಅತ್ತಿತ್ತ ಓಲಾಡಿದ ಹಾಗಾಗುತ್ತದೆ. ಡಿಸ್ಕ್ ಅಲುಗಾಡಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುವುದರಿಂದ, ತಿರುವು ಮುಗಿಸಿ ಬ್ರೇಕ್ ಒತ್ತಿದರೆ ಪೆಡಲ್ ಮೊದಲ ಸಲ ಸ್ವಲ್ಪ ಆಳಕ್ಕೆ ಹೋಗುತ್ತದೆ. ಅನೇಕ ಕಾರುಗಳಲ್ಲಿ ಚಕ್ರದ ವೇಗ ಅಳೆಯುವ ಸೆನ್ಸರ್ ಓದುವುದು ಬೇರಿಂಗಿನ ಸೀಲಿನಲ್ಲೇ ಇರುವ ಅಯಸ್ಕಾಂತದ ಪಟ್ಟಿಯನ್ನು. ಬೇರಿಂಗ್ ಅಲುಗಾಡಿದರೆ ಆ ಅಳತೆ ತಪ್ಪಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ದೀಪ ಹತ್ತುತ್ತದೆ. ಬರೀ ದೀಪ ಹತ್ತಿದರೆ ಸೆನ್ಸರಿನ ವೈರೋ ಕೆಸರೋ ಕಾರಣವಿರಬಹುದು. ದೀಪದ ಜೊತೆ ಗರಗರ ಸದ್ದೂ ಇದ್ದರೆ ತಡಮಾಡಬೇಡಿ.

ಜ್ಯಾಕ್ ಕೊಡುವ ಮೊದಲು

ಇಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿ ಹೇಳಲೇಬೇಕು. ನಮ್ಮ ಅಂಗಳದ ಮಣ್ಣು ಬೇಸಿಗೆಯಲ್ಲಿ ಕಲ್ಲು, ಮಳೆಗಾಲದಲ್ಲಿ ಬೆಣ್ಣೆ. ಜ್ಯಾಕಿನ ಕೆಳಗೆ ದಪ್ಪ ಹಲಗೆ ಇಡಿ. ಸಮತಟ್ಟಾದ ಜಾಗದಲ್ಲಿ ಮಾತ್ರ ಎತ್ತಿ. ನೆಲದಲ್ಲೇ ಇರುವ ಚಕ್ರಗಳಿಗೆ ಮುಂದೆ ಹಿಂದೆ ಮರದ ತುಂಡು ಕೊಡಿ. ಎದುರಿನ ಚಕ್ರ ಎತ್ತುವಾಗ ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಹಿಂದಿನದಾದರೆ (ಎಂಜಿನ್ ಎದುರಿನ ಚಕ್ರಗಳನ್ನು ತಿರುಗಿಸುವ ಕಾರಿನಲ್ಲಿ) ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ. ಇಲ್ಲದಿದ್ದರೆ ಚಕ್ರ ತಿರುಗುವುದೇ ಇಲ್ಲ.

ಕಾರಿನ ಭಾರ ಜ್ಯಾಕಿನ ಮೇಲಷ್ಟೇ ಇರಬಾರದು, ಸ್ಟ್ಯಾಂಡ್ ಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ಕೆಳಗೆ ಮುರಕಲ್ಲು, ಅಂದರೆ ಗೋಡೆ ಕಟ್ಟುವ ಕೆಂಪು ಕಲ್ಲು, ಇಡುವುದು ನಮ್ಮಲ್ಲಿ ಅಭ್ಯಾಸ. ದಯವಿಟ್ಟು ಬೇಡ. ಗೋಡೆ ಕಟ್ಟಿದಾಗ ಭಾರ ಇಡೀ ಕಲ್ಲಿನ ಮೇಲೆ ಹರಡುತ್ತದೆ, ಕಾರಿನಲ್ಲಿ ಒಂದು ಬಿಂದುವಿನ ಮೇಲೆ ಬೀಳುತ್ತದೆ. ನೆನೆದ ಮುರಕಲ್ಲು ಹೇಳದೆ ಕೇಳದೆ ಪುಡಿಯಾಗುತ್ತದೆ. ಸಿಮೆಂಟ್ ಬ್ಲಾಕಿನ ಹಣೆಬರಹವೂ ಅಷ್ಟೇ. ಸ್ಟ್ಯಾಂಡ್ ಸಿಗದಿದ್ದರೆ ಈ ಪರೀಕ್ಷೆಯನ್ನು ಗ್ಯಾರೇಜಿನಲ್ಲಿ ಮಾಡಿಸಿ.

ಚಕ್ರವನ್ನು ಅಲುಗಾಡಿಸಿ, ತಿರುಗಿಸಿ ನೋಡುವುದು

ಟಯರನ್ನು ಗಡಿಯಾರ ಎಂದುಕೊಳ್ಳಿ. 12 ಮತ್ತು 6ರ ಜಾಗದಲ್ಲಿ ಹಿಡಿದು ಮೇಲಿನ ಕೈಯಿಂದ ತಳ್ಳಿ, ಕೆಳಗಿನ ಕೈಯಿಂದ ಎಳೆಯಿರಿ. ಕಟಕ್ ಎಂದು ಅಲುಗಾಡಿದರೆ ಮೆಕ್ಯಾನಿಕ್‌ಗಳು ಹೇಳುವ 'ಪ್ಲೇ' ಬಂದಿದೆ ಎಂದರ್ಥ. ಆದರೆ ಅದು ಬೇರಿಂಗಿನದೇ ಆಗಬೇಕೆಂದಿಲ್ಲ, ಚಕ್ರದ ಕಡೆಯನ್ನು ಸಸ್ಪೆನ್ಷನ್ನಿಗೆ ಸೇರಿಸುವ ಕೀಲಾದ ಬಾಲ್ ಜಾಯಿಂಟ್ ಸವೆದರೂ ಹೀಗೇ ಆಗುತ್ತದೆ. ಒಳಗೆ ಕೂತು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲು ಒಬ್ಬರಿಗೆ ಹೇಳಿ, ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಹಬ್ಬೂ ಅದರ ಬೇರಿಂಗನ್ನು ಹಿಡಿದಿರುವ ಲೋಹದ ಭಾಗವಾದ ನಕಲ್ಲೂ ಒಂದಾಗಿ ಬಿಗಿಯುತ್ತವೆ. ಹಾಗಾಗಿ ಪ್ಲೇ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್ ಅಥವಾ ಸಸ್ಪೆನ್ಷನ್ನಿನ ಬೇರೆ ಭಾಗ. ಎದುರಿನ ಚಕ್ರ 3 ಮತ್ತು 9ರ ಜಾಗದಲ್ಲಿ ಮಾತ್ರ ಅಲುಗಾಡಿ, 12 ಮತ್ತು 6ರಲ್ಲಿ ಗಟ್ಟಿಯಿದ್ದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ನೋಡಿ.

ಪ್ಲೇ ಇಲ್ಲ ಎಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಎಂದಲ್ಲ. ನನ್ನ ಕಾರಿನಲ್ಲಿ ಒಂದು ಕೂದಲೆಳೆಯಷ್ಟೂ ಪ್ಲೇ ಇರಲಿಲ್ಲ. ಇಲ್ಲೇ ಇಚ್ಚನ ವಿದ್ಯೆ ಬೇಕಾಗುವುದು. ಒಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗಿನ ಮೇಲೆ ಮೆಲ್ಲನೆ ಇಡಿ, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಚೆನ್ನಾಗಿರುವ ಬೇರಿಂಗ್ ಆದರೆ ಸ್ಪ್ರಿಂಗಿಗೆ ಸುದ್ದಿಯೇ ಗೊತ್ತಾಗುವುದಿಲ್ಲ. ಕೆಟ್ಟದ್ದಾದರೆ ರುಬ್ಬುವ ಕಲ್ಲಿಗೆ ಒಣ ಅಕ್ಕಿ ಹಾಕಿ ತಿರುಗಿಸಿದ ಹಾಗೆ ಒಂದು ಜುಮುಜುಮು ಬೆರಳಿಗೆ ಹತ್ತುತ್ತದೆ. ಇನ್ನೊಂದು ಬದಿಯದನ್ನೂ ಹಾಗೇ ತಿರುಗಿಸಿ ಹೋಲಿಸಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಬ್ರೇಕ್ ಪ್ಯಾಡ್ ತಾಗುವ ಸಣ್ಣ ಶ್ಶ್ ಸದ್ದು ಎಲ್ಲ ಕಾರುಗಳಲ್ಲೂ ಇರುತ್ತದೆ, ಅದನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಚಕ್ರವನ್ನು ಕೈಯಲ್ಲಷ್ಟೇ ತಿರುಗಿಸಿ. ಎಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕಿ ತಿರುಗಿಸುವ ಸಾಹಸ ಬೇಡ.

ಇಲ್ಲಿಗೆ ಓಡಿಸುವುದನ್ನು ನಿಲ್ಲಿಸಿ

ಗುಂಯ್ ಸದ್ದು ಮಾತ್ರ ಇದ್ದು ಪ್ಲೇ ಇಲ್ಲದಿದ್ದರೆ ನಿಧಾನವಾಗಿ ಹತ್ತಿರದ ಗ್ಯಾರೇಜಿನವರೆಗೆ ಹೋಗಬಹುದು. ಹಾಗೆಂದು ಮುಂದಿನ ತಿಂಗಳ ಸಂಬಳಕ್ಕೆ ಕಾಯಬೇಡಿ. ಆದರೆ ಕೈಗೆ ಸಿಗುವಷ್ಟು ಪ್ಲೇ, ಕಬ್ಬಿಣ ಅರೆದ ಸದ್ದು, ಸುಟ್ಟ ವಾಸನೆ, ಹಬ್ಬಿನಿಂದ ಇಳಿದ ತುಕ್ಕು ಬಣ್ಣದ ಗ್ರೀಸು, ಬ್ರೇಕ್ ಪೆಡಲ್ ಆಳಕ್ಕೆ ಹೋಗುವುದು, ಇವುಗಳಲ್ಲಿ ಒಂದು ಕಂಡರೂ ಕಾರನ್ನು ಇದ್ದಲ್ಲೇ ಬಿಟ್ಟು ಎತ್ತಿಕೊಂಡು ಹೋಗುವ ಗಾಡಿ ಕರೆಸಿ. ಪೂರ್ತಿ ಹಾಳಾದ ಬೇರಿಂಗ್ ಚಕ್ರವನ್ನು ಬಿಗಿಹಿಡಿದು ನಿಲ್ಲಿಸಬಹುದು, ಇಲ್ಲವೇ ಚಕ್ರವೇ ಕಳಚಿಕೊಳ್ಳಬಹುದು. ಮಂಗಳೂರಿನವರೆಗೆ ಹೇಗೋ ಎಳೆಯೋಣ ಎಂಬ ಲೆಕ್ಕಾಚಾರ ಬೇಡ.

ಬದಲಿಸುವ ಕೆಲಸ: ಮನೆಯಲ್ಲಿ ಎಷ್ಟು, ಪ್ರೆಸ್‌ನಲ್ಲಿ ಎಷ್ಟು

ನಿಮ್ಮ ಕಾರಿನ ಬೇರಿಂಗ್ ಯಾವ ಬಗೆಯದು ಎನ್ನುವುದರ ಮೇಲೆ ಇದು ನಿಂತಿದೆ. ಹಬ್ ಸಮೇತ ಬೋಲ್ಟಿನಲ್ಲಿ ಕೂರುವ ಬಗೆಯಾದರೆ ಕೈ ಪಳಗಿದವರು ಅಂಗಳದಲ್ಲೇ ಬದಲಿಸಬಹುದು. ಹಳೆಯ ಮಹೀಂದ್ರಾ ಜೀಪಿನಲ್ಲಿ ಬಿಚ್ಚಿ, ತೊಳೆದು, ಗ್ರೀಸು ತುಂಬಿ, ನಟ್ಟಿನಲ್ಲಿ ಬಿಗಿ ಹೊಂದಿಸುವ ಟೇಪರ್ ರೋಲರ್ ಬೇರಿಂಗ್ ಇರುತ್ತದೆ. ಗುಡ್ಡೆ ಕಡೆಯ ಜೀಪಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಹೆಚ್ಚಿನ ಸಣ್ಣ ಕಾರುಗಳ ಎದುರಿನ ಬೇರಿಂಗನ್ನು ನಕಲ್ಲಿನೊಳಗೆ ಟನ್‌ಗಟ್ಟಲೆ ಒತ್ತಡದಲ್ಲಿ ಕೂರಿಸಿರುತ್ತಾರೆ. ಇದಕ್ಕೆ ಹೈಡ್ರಾಲಿಕ್ ಪ್ರೆಸ್ಸೇ ಬೇಕು. ನಾನು ಮಾಡಿದ್ದು ನಡುವಿನ ದಾರಿ. ನಕಲ್ ಬಿಚ್ಚುವುದು, ಜೋಡಿಸುವುದು ಮನೆಯಲ್ಲಿ, ಒತ್ತುವ ಕೆಲಸ ಪ್ರೆಸ್ ಇರುವ ಲೇತ್ ಅಂಗಡಿಯಲ್ಲಿ.

ಹಬ್ಬಿನ ನಡುವೆ ಆಕ್ಸಲ್ಲನ್ನು ಬಿಗಿಯುವ ಆಕ್ಸಲ್ ನಟ್ಟನ್ನು ಚಕ್ರ ನೆಲದಲ್ಲಿರುವಾಗಲೇ ಸಡಿಲಿಸಿ. ನಟ್ಟಿನ ಅಂಚು ಬಡಿದು ಲಾಕ್ ಮಾಡಿದ್ದರೆ ಮೊದಲು ಅದನ್ನು ಎತ್ತಬೇಕು. ಅನೇಕ ಕಾರುಗಳಲ್ಲಿ ಇದರ ಬಿಗಿ 200 ನ್ಯೂಟನ್ ಮೀಟರ್ ದಾಟುತ್ತದೆ. ಮೇಲೆತ್ತಿದ ಕಾರಿನಲ್ಲಿ ಅಷ್ಟು ಬಲ ಹಾಕಿದರೆ ಕಾರೇ ಸ್ಟ್ಯಾಂಡಿನಿಂದ ಜಾರುತ್ತದೆ. ಸಡಿಲಿಸಿದ ಮೇಲೆ ಆ ಚಕ್ರದ ಮೇಲೆ ಕಾರನ್ನು ಒಂದಡಿಯೂ ಉರುಳಿಸಬೇಡಿ. ಎಬಿಎಸ್ ಸೆನ್ಸರನ್ನು ಮೊದಲೇ ತೆಗೆದು ಬದಿಗಿಡಿ. ಕ್ಯಾಲಿಪರನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ, ಬ್ರೇಕ್ ಹೋಸಿನಲ್ಲಿ ನೇತಾಡಲು ಬಿಡಬೇಡಿ. ನಕಲ್ಲನ್ನು ಸ್ಟ್ರಟ್ಟಿಗೆ (ಸ್ಪ್ರಿಂಗ್ ಕೂತಿರುವ ಕಂಬ) ಹಿಡಿದ ಬೋಲ್ಟುಗಳ ಜಾಗವನ್ನು ಬಿಚ್ಚುವ ಮೊದಲು ಗುರುತು ಹಾಕಿ.

ಸುತ್ತಿಗೆಯಿಂದ ಬೇರಿಂಗ್ ಬಡಿಯಬೇಡಿ. ಇದಕ್ಕೆ ಎರಡು ಕಾರಣ. ಗಟ್ಟಿ ಉಕ್ಕಿನ ಚೂರು ಸಿಡಿದು ಕಣ್ಣಿಗೆ ಹೋಗಬಹುದು, ಕನ್ನಡಕ ಹಾಕಿಕೊಳ್ಳಲೇಬೇಕು. ಮತ್ತೆ, ಹೊಸದನ್ನು ಬಡಿದು ಕೂರಿಸಿದರೆ ಒಳಗೆ ಆಗಲೇ ಗುಳಿ ಬಿದ್ದು ತಿಂಗಳೊಳಗೆ ಗುಂಯ್ ವಾಪಸ್. ಪ್ರೆಸ್ ಮಾಡುವವರ ಹತ್ತಿರ ನಿಂತು ನೋಡಿ. ನಕಲ್ಲಿಗೆ ಕೂರಿಸುವಾಗ ಹೊರ ಉಂಗುರವನ್ನಷ್ಟೇ ಒತ್ತಬೇಕು. ಹಬ್ ತೂರಿಸುವಾಗ ಒಳ ಉಂಗುರಕ್ಕೆ ಕೆಳಗಿನಿಂದ ಆಧಾರ ಕೊಡಬೇಕು. ತಪ್ಪಿದರೆ ಒತ್ತಡ ಗುಂಡುಗಳ ಮೂಲಕ ಹಾದು ಹೊಸ ಬೇರಿಂಗ್ ಅಲ್ಲೇ ಹಾಳು. ಬೇರಿಂಗ್ ಹೊರಬರದಂತೆ ತಡೆಯುವ ಸರ್ಕ್ಲಿಪ್ಪು ತನ್ನ ಕಚ್ಚಿನೊಳಗೆ ಪೂರ್ತಿ ಕೂತಿದೆಯೇ ನೋಡಿ. ಎಬಿಎಸ್ ಇರುವ ಬೇರಿಂಗಿನಲ್ಲಿ ಅಯಸ್ಕಾಂತದ ಬದಿ ಸೆನ್ಸರ್ ಕಡೆಗೆ ಇರಬೇಕು. ಒಂದು ಸಣ್ಣ ಗುಂಡುಪಿನ್ ಹಿಡಿದರೆ ಯಾವ ಬದಿ ಎಂದು ತಿಳಿಯುತ್ತದೆ.

ಕೊಳ್ಳುವಾಗ ಹಳೆಯದನ್ನೇ ಅಂಗಡಿಗೆ ಒಯ್ಯಿರಿ, ಉಂಗುರದ ಮೇಲೆ ಕೊರೆದ ನಂಬರ್ ಹೋಲಿಸಿ. ಒಂದೇ ಅಳತೆಯಲ್ಲಿ ಎಬಿಎಸ್‌ಗೆ ಆಗುವುದು, ಆಗದ್ದು ಎರಡೂ ಇರುತ್ತದೆ. ಎಸ್‌ಕೆಎಫ್, ಎನ್‌ಬಿಸಿ, ಟಿಮ್ಕೆನ್‌ನಂಥ ಹೆಸರಿನಲ್ಲಿ ನಕಲಿ ಮಾಲೂ ಓಡಾಡುತ್ತದೆ, ಬಿಲ್ ಕೊಡುವ ಅಂಗಡಿಯಲ್ಲೇ ತಗೊಳ್ಳಿ. ಆಕ್ಸಲ್ ನಟ್ಟೂ ಹೊಸದಿರಲಿ. ಕೊನೆಯ ಬಿಗಿಯನ್ನು ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿರುವ ಅಂಕಿಗೆ ಟಾರ್ಕ್ ರೆಂಚಿನಿಂದ ಕೊಡಿ. ಅಂದಾಜಿನ ಬಿಗಿ ಇಲ್ಲಿ ನಡೆಯುವುದಿಲ್ಲ. ಸಡಿಲವಾದರೂ ಬೇರಿಂಗ್ ಬೇಗ ಹೋಗುತ್ತದೆ.

ಲೇತ್ ಅಂಗಡಿಯಲ್ಲಿ ನನ್ನ ಹಳೆಯ ಬೇರಿಂಗ್ ಎರಡು ಹೋಳಾಗಿ ಹೊರಬಂತು. ಒಳ ಉಂಗುರದ ಅರ್ಧ ಹಬ್ಬಿಗೇ ಅಂಟಿಕೊಂಡಿತ್ತು, ಅದನ್ನು ಪುಲ್ಲರ್ ಹಾಕಿ ಎಳೆದರು. ಗ್ರೀಸು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದರೆ, ಗುಂಡುಗಳು ಉರುಳುವ, ಕನ್ನಡಿಯ ಹಾಗಿರಬೇಕಾದ ದಾರಿಯಲ್ಲಿ ಸಾಸಿವೆ ಕಾಳಿನಷ್ಟು ಗುಳಿಗಳು, ಒಂದು ಕಡೆ ಸಾಲಾಗಿ. ಅಕ್ಕನಿಗೆ ತೋರಿಸಿದೆ. "ಇಷ್ಟು ಸಣ್ಣದು ಅಷ್ಟು ಸದ್ದು ಮಾಡಿದ್ದಾ?" ಎಂದಳು.

ಹೊಸದು ಹಾಕಿದ ಮೇಲೂ ಸದ್ದು ಉಳಿದರೆ

ಮೊದಲ ಓಡಾಟ ಹತ್ತಿರದಲ್ಲೇ, ನಿಧಾನವಾಗಿ. ಬಂದು ನಿಲ್ಲಿಸಿ ಬಿಸಿ ನೋಡಿ, ಪ್ಲೇ ನೋಡಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳ ಬಿಗಿಯನ್ನು ಇನ್ನೊಮ್ಮೆ ನೋಡಿ. ಸ್ಟ್ರಟ್ ಬೋಲ್ಟ್ ಬಿಚ್ಚಿದ್ದರೆ ಅಲೈನ್‌ಮೆಂಟ್ ಮಾಡಿಸಬೇಕು.

ಸದ್ದು ಕಡಿಮೆಯಾಗಿ ಸ್ವಲ್ಪ ಉಳಿದರೆ ಮತ್ತೆ ಟಯರ್ ಮೇಲೆ ಅಂಗೈ ಸವರಿ. ಅಲುಗಾಡುವ ಬೇರಿಂಗಿನ ಮೇಲೆ ಬಹಳ ದಿನ ಓಡಿದ ಟಯರ್ ತಾನೂ ಏರುಪೇರಾಗಿ ಸವೆದಿರುತ್ತದೆ. ಸ್ವಲ್ಪವೂ ಕಡಿಮೆಯಾಗದಿದ್ದರೆ ಇನ್ನೊಂದು ಬದಿಯ ಸ್ಪ್ರಿಂಗಿನ ಮೇಲೆ ಕೈಯಿಟ್ಟು ಆ ಚಕ್ರವನ್ನು ತಿರುಗಿಸಿ. ಎರಡೂ ಚಕ್ರ ಒಂದೇ ನೀರಿಗೆ ಇಳಿದಿದ್ದವಲ್ಲ.